ಹತ್ತು ಹನಿ ಎಣ್ಣೆ, ಒಂದು ಬಕೆಟ್ ನೀರು

ನನ್ನ ತಂಗಿಯ ಮಗಳು ಹೋದ ದೀಪಾವಳಿಗೆ ಬಂದಾಗ ಒಂದು ಪುಟ್ಟ ಮರದ ಪೆಟ್ಟಿಗೆ ತಂದುಕೊಟ್ಟಳು. ಒಳಗೆ ಕಂದು ಬಣ್ಣದ ಗಾಜಿನ ಬಾಟಲಿಗಳಲ್ಲಿ ಗಿಡಮರಗಳ ಪರಿಮಳದ ಎಣ್ಣೆಗಳು, ಎಸೆನ್ಶಿಯಲ್ ಆಯಿಲ್ ಅನ್ನುತ್ತಾರಲ್ಲ, ಅವು. ಟೀ ಟ್ರೀ, ಲ್ಯಾವೆಂಡರ್, ಮಜ್ಜಿಗೆ ಹುಲ್ಲು (ಲೆಮನ್ ಗ್ರಾಸ್), ನೀಲಗಿರಿ, ಕಿತ್ತಳೆ. "ದೊಡ್ಡಮ್ಮ, ಇನ್ಮೇಲೆ ಫಿನಾಯಿಲ್ ಬೇಡ. ಒಂದು ಬಕೆಟ್ ನೀರಿಗೆ ಹತ್ತು ಹನಿ ಸಾಕು, ನೆಲಾನೂ ಕ್ಲೀನ್, ಕ್ರಿಮಿನೂ ಇರಲ್ಲ, ಕೆಮಿಕಲ್ಲೂ ಇಲ್ಲ" ಅಂದಳು. ಅವಳಿಗೆ ಇದರಲ್ಲಿ ನಿಜವಾದ ನಂಬಿಕೆ ಇದೆ. ಮನೆಯಲ್ಲಿ ಮಗು ಅಂಬೆಗಾಲಿಡುವುದಕ್ಕೆ ಶುರು ಮಾಡಿದಾಗಿನಿಂದ ನೆಲಕ್ಕೆ ಏನು ಹಾಕುತ್ತೇವೆ ಅನ್ನುವುದನ್ನು ಅವಳು ತುಂಬಾ ಯೋಚನೆ ಮಾಡುತ್ತಾಳೆ. ನನಗೆ ಅದು ಸರಿಯಾಗಿಯೇ ಕಾಣುತ್ತದೆ. ಮಗು ನೆಲ ಮುಟ್ಟಿದ ಕೈಯನ್ನೇ ಬಾಯಿಗೆ ಹಾಕಿಕೊಳ್ಳುತ್ತದೆ ಅಲ್ವಾ.

ಆದರೆ ಆ "ಹತ್ತು ಹನಿ ಸಾಕು" ಅನ್ನುವ ಮಾತು ನನ್ನ ತಲೆಯಿಂದ ಹೋಗಲಿಲ್ಲ. ಮನೆ ಒರೆಸಿದ ಮೇಲೆ ಘಮ ಬಂದದ್ದು ನಿಜ, ಬಾಗಿಲಿನ ಆಚೆಯವರೆಗೂ ಬರುತ್ತಿತ್ತು. ಆದರೆ ಅಡುಗೆಮನೆಯ ಕಟ್ಟೆಯ ಕೆಳಗೆ ಕಾಲಿಟ್ಟರೆ ಜಿಡ್ಡು ಹಾಗೇ ಇತ್ತು. ಮೂಗು ಕ್ಲೀನ್ ಆಗಿದೆ ಅನ್ನುತ್ತಿದೆ, ಪಾದ ಇಲ್ಲ ಅನ್ನುತ್ತಿದೆ. ಯಾವುದನ್ನು ನಂಬಬೇಕು? ಇದರ ಹಿಂದೆ ಬಿದ್ದು ಓದಿದೆ, ಕೇಳಿದೆ, ಮನೆಯಲ್ಲಿ ಮಾಡಿಯೂ ನೋಡಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಭಟ್ಟಿಯಲ್ಲಿ ಕಂಡದ್ದು

ತುಂಬಾ ಹಿಂದೆ ಊಟಿಗೆ ಹೋಗಿದ್ದಾಗ ರಸ್ತೆ ಬದಿಯಲ್ಲಿ ನೀಲಗಿರಿ ಎಣ್ಣೆ ತೆಗೆಯುವ ಒಂದು ಭಟ್ಟಿ ನೋಡಿದ್ದೆ. ತಗಡಿನ ಸೂರು, ಮಣ್ಣಿನ ಒಲೆ, ಅದರ ಮೇಲೆ ಆಳೆತ್ತರದ ಪಾತ್ರೆ. ಹೆಂಗಸರು ಮರದ ಕೆಳಗೆ ಉದುರಿದ ಎಲೆಗಳನ್ನು ಗೋಣಿಚೀಲದಲ್ಲಿ ತುಂಬಿ ತಲೆ ಮೇಲೆ ಹೊತ್ತು ತರುತ್ತಿದ್ದರು. ಎಲೆಯನ್ನು ಪಾತ್ರೆಗೆ ತುಳಿದು ತುಂಬುತ್ತಾರೆ, ನೀರು ಹಾಕಿ ಮುಚ್ಚಳಕ್ಕೆ ಮಣ್ಣು ಮೆತ್ತುತ್ತಾರೆ, ಕೆಳಗೆ ಉರಿ. ಉರಿಗೂ ಅದೇ ಎಲೆ, ಹಿಂದಿನ ದಿನ ಎಣ್ಣೆ ತೆಗೆದು ಒಣಗಿಸಿದ್ದು. ಆವಿ ಒಂದು ಕೊಳವೆಯಲ್ಲಿ ಹೋಗುತ್ತದೆ, ಕೊಳವೆ ತಣ್ಣೀರಿನ ತೊಟ್ಟಿಯ ಮೂಲಕ ಹಾದು ಹೊರಗೆ ಬರುತ್ತದೆ, ಆಚೆ ತುದಿಯಲ್ಲಿ ಒಂದು ಡಬ್ಬಕ್ಕೆ ಸಣ್ಣ ಧಾರೆ ಬೀಳುತ್ತಿರುತ್ತದೆ. ಅಲ್ಲಿ ನಿಂತರೆ ಕಣ್ಣಲ್ಲಿ ನೀರು ಬರುವಷ್ಟು ಘಾಟು.

ಆ ಡಬ್ಬದೊಳಗೆ ಇಣುಕಿ ನೋಡಿದ್ದು ನನಗೆ ಇವತ್ತಿಗೂ ಚೆನ್ನಾಗಿ ನೆನಪಿದೆ. ಕೆಳಗೆ ನೀರು, ಮೇಲೆ ತೆಳ್ಳಗೆ ಎಣ್ಣೆಯ ಪದರ. ಭಟ್ಟಿಯವರು ಆ ಪದರವನ್ನು ಮಾತ್ರ ಹುಷಾರಾಗಿ ತೆಗೆದು ಬಾಟಲಿಗೆ ಹಾಕುತ್ತಿದ್ದರು. ಅವರು ಬೇರೆ ಏನೂ ಮಾಡಬೇಕಾಗಿರಲಿಲ್ಲ. ಎಣ್ಣೆ ತಾನಾಗಿಯೇ ನೀರನ್ನು ಬಿಟ್ಟು ಮೇಲೆ ಬಂದಿತ್ತು. ಮಜ್ಜಿಗೆ ಹುಲ್ಲಿನ ಎಣ್ಣೆಯನ್ನೂ ಹೀಗೇ ತೆಗೆಯುತ್ತಾರೆ, ಲ್ಯಾವೆಂಡರ್‌ನದ್ದೂ ಹೀಗೇ. (ಲವಂಗದ ಎಣ್ಣೆ ಮಾತ್ರ ನೀರಿಗಿಂತ ಭಾರ, ತಳಕ್ಕೆ ಹೋಗುತ್ತದೆ. ಆದರೂ ಬೇರೆಯಾಗಿಯೇ ನಿಲ್ಲುತ್ತದೆ.) ಅಂದರೆ ಭಟ್ಟಿಯಲ್ಲಿ ಎಣ್ಣೆ ನಮ್ಮ ಕೈಗೆ ಸಿಗುವುದೇ ಅದು ನೀರಿನ ಜೊತೆ ಸೇರುವುದಿಲ್ಲ ಅನ್ನುವ ಕಾರಣಕ್ಕೆ. ಬಕೆಟ್ಟಿನಲ್ಲಿ ಅದು ಕೆಲಸ ಮಾಡದೆ ಉಳಿಯುವುದೂ ಅದೇ ಕಾರಣಕ್ಕೆ. ಹತ್ತು ಹನಿಯನ್ನು ಬರೀ ನೀರಿಗೆ ಹಾಕಿದರೆ ಅದು ಮೇಲೆ ತೇಲುತ್ತದೆ, ಬಟ್ಟೆ ಅದ್ದಿದಾಗ ಎಲ್ಲೋ ಒಂದು ಮೂಲೆಗೆ ಹತ್ತಿಕೊಳ್ಳುತ್ತದೆ, ನೆಲದ ಒಂದು ಕಡೆ ಎಲ್ಲ ಎಣ್ಣೆ, ಉಳಿದ ಕಡೆ ಬರೀ ನೀರು.

ಇನ್ನೊಂದು ವಿಷಯ ಅಲ್ಲೇ ಕಂಡಿದ್ದು. ಅಷ್ಟು ಎಲೆಗೆ ಬರುವ ಎಣ್ಣೆ ತೀರಾ ಕಡಿಮೆ. ಹಸಿ ಮಜ್ಜಿಗೆ ಹುಲ್ಲಿನಲ್ಲಿ ಎಣ್ಣೆ ಇರುವುದು ಸಾಮಾನ್ಯವಾಗಿ ನೂರಕ್ಕೆ ಅರ್ಧ ಭಾಗದ ಒಳಗೆ. ನನ್ನ ಪೆಟ್ಟಿಗೆಯಲ್ಲಿರುವ 15 ಮಿಲಿ ಬಾಟಲಿ ತುಂಬಬೇಕಾದರೆ ಮೂರ್ನಾಲ್ಕು ಕಿಲೋ ಹುಲ್ಲು ಬೇಕು, ಜೊತೆಗೆ ಅದನ್ನು ಕುದಿಸುವ ಸೌದೆ. ಅಷ್ಟು ಕಷ್ಟಪಟ್ಟು ಒಂದು ಕಡೆ ಸೇರಿಸಿದ್ದನ್ನು ನಾವು ಸುಮ್ನೆ ಬಕೆಟ್ಟಿಗೆ ಸುರಿದು ಮೋರಿಗೆ ಚೆಲ್ಲುತ್ತೇವೆ. ಇದು ನನಗೆ ನಿಜಕ್ಕೂ ಸಂಕಟದ ವಿಷಯ.

ಫಿನಾಯಿಲ್ ಯಾಕೆ ಬೆಳ್ಳಗಾಗುತ್ತದೆ

ಬಿಳಿ ಫಿನಾಯಿಲ್ ನೀರಿಗೆ ಬಿದ್ದ ಕೂಡಲೇ ಹಾಲಿನ ಹಾಗೆ ಹರಡುವುದನ್ನು ಎಲ್ಲರೂ ನೋಡಿದ್ದೇವೆ. ಅದರಲ್ಲಿ ಇರುವುದು ಏನು ಅಂತ ಕೇಳಿದವರು ಕಡಿಮೆ. ಮೂಲದಲ್ಲಿ ಬಿಳಿ ಫಿನಾಯಿಲ್ ಅಂದರೆ ಪೈನ್ ಎಣ್ಣೆ. ಹಿಮಾಲಯದ ತಪ್ಪಲಿನಲ್ಲಿ ಬೆಳೆಯುವಂಥ ಪೈನ್ ಮರದ ಅಂಟಿನಿಂದ ಟರ್ಪೆಂಟೈನ್ ತೆಗೆಯುತ್ತಾರೆ, ಅದರಿಂದ ಕಾರ್ಖಾನೆಯಲ್ಲಿ ಪೈನ್ ಎಣ್ಣೆ ಮಾಡುತ್ತಾರೆ, ಅದಕ್ಕೆ ಸೋಪು ಸೇರಿಸಿದರೆ ಫಿನಾಯಿಲ್. ಸೋಪು ಇರುವುದರಿಂದಲೇ ಎಣ್ಣೆ ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ಒಡೆದು ನೀರಿನಲ್ಲೆಲ್ಲ ಹರಡಿಕೊಳ್ಳುತ್ತದೆ, ಬೆಳ್ಳಗೆ ಕಾಣುತ್ತದೆ. ಕಪ್ಪು ಫಿನಾಯಿಲ್ ಬೇರೆ, ಅದು ಕಲ್ಲಿದ್ದಲಿನ ಟಾರಿನಿಂದ ಬಂದದ್ದು. ಈಗ ಅಗ್ಗಕ್ಕೆ ಸಿಗುವ ಬಿಳಿ ಫಿನಾಯಿಲ್‌ನಲ್ಲಿ ಪೈನ್ ಎಣ್ಣೆ ಎಷ್ಟಿದೆ, ಬೇರೆ ಏನೇನು ಇದೆ ಅನ್ನುವುದು ತಯಾರಿಸುವವರ ಮೇಲೆ ಹೋಗುತ್ತದೆ. ಆದರೂ "ಕೆಮಿಕಲ್" ಅಂತ ನಾವು ಹೊರಗೆ ಹಾಕಿದ್ದು ಕೂಡ ಮೂಲದಲ್ಲಿ ಒಂದು ಮರದ ಎಣ್ಣೆಯೇ. "ನ್ಯಾಚುರಲ್" ಅಂತ ಒಳಗೆ ತಂದುಕೊಂಡದ್ದೂ ಗಿಡಮರದ ಎಣ್ಣೆ. ಮೊದಲನೆಯದರಲ್ಲಿ ಸೋಪು ಇತ್ತು, ಎರಡನೆಯದರಲ್ಲಿ ಇಲ್ಲ.

ಕ್ರಿಮಿಯ ಮಾತಿಗೆ ಬರೋಣ. ಟೀ ಟ್ರೀ ಎಣ್ಣೆ ಬ್ಯಾಕ್ಟೀರಿಯಾ ಕೊಲ್ಲುತ್ತದೆ ಅನ್ನುವುದು ಸುಳ್ಳಲ್ಲ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ಕಡೆಯ ಗಿಡ ಅದು. ಅದರಲ್ಲಿರುವ ಟರ್ಪಿನೆನ್-4-ಆಲ್ ಅನ್ನುವ ಅಂಶದ ಮೇಲೆ ಬೇಕಾದಷ್ಟು ಸಂಶೋಧನೆ ಆಗಿದೆ. ಮಜ್ಜಿಗೆ ಹುಲ್ಲಿನ ಎಣ್ಣೆಯ ಸಿಟ್ರಾಲ್ ಕೂಡ ಪ್ರಯೋಗಾಲಯದಲ್ಲಿ ಬೂಷ್ಟನ್ನು ತಡೆಯುತ್ತದೆ. ಪ್ರಶ್ನೆ ಇರುವುದು ಎಷ್ಟು ಹಾಕಬೇಕು ಅನ್ನುವುದರಲ್ಲಿ. ಟೀ ಟ್ರೀ ಎಣ್ಣೆ ಸಾಮಾನ್ಯವಾಗಿ ಹೆಚ್ಚಿನ ಬ್ಯಾಕ್ಟೀರಿಯಾಗಳ ಮೇಲೆ ಕೆಲಸ ಮಾಡುವುದು ಶೇ. 0.5ರಿಂದ 1ರಷ್ಟು ಇದ್ದಾಗ. ಈಗ ಲೆಕ್ಕ ಹಾಕಿ. ಒಂದು ಮಿಲಿ ಅಂದರೆ ಸುಮಾರು 20 ಹನಿ. ಹತ್ತು ಹನಿ ಅಂದರೆ ಅರ್ಧ ಮಿಲಿ. ಬಕೆಟ್ಟಿನಲ್ಲಿ 10 ಲೀಟರ್ ನೀರು. ಅಂದರೆ ಶೇ. 0.005. ಬೇಕಾದದ್ದಕ್ಕಿಂತ ನೂರು ಪಟ್ಟು ಕಡಿಮೆ! ಶೇ. 0.5 ಮಾಡಬೇಕಾದರೆ ಒಂದು ಬಕೆಟ್ಟಿಗೆ 50 ಮಿಲಿ ಹಾಕಬೇಕು, ಅಂದರೆ ಮೂರು ಬಾಟಲಿಗಿಂತ ಜಾಸ್ತಿ, ಅದೂ ದಿನಾ. ಯಾರ ಮನೆಯಲ್ಲೂ ಅದು ಆಗುವ ಮಾತಲ್ಲ. ಆದರೆ ಮೂಗಿಗೆ ಹತ್ತು ಹನಿಯೇ ಧಾರಾಳ. ಇಡೀ ಮನೆ ಘಮಘಮ ಅನ್ನುತ್ತದೆ. ಹೀಗಾಗಿ ವಾಸನೆ ಎಷ್ಟಿದೆಯೋ ಕೆಲಸವೂ ಅಷ್ಟೇ ಆಗಿದೆ ಅಂತ ನಾವು ಅಂದುಕೊಳ್ಳುತ್ತೇವೆ.

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಈ ಎಣ್ಣೆಗಳ ಪರವಾಗಿ ಕೇಳಿಬರುವ ಇನ್ನೊಂದು ಕಾರಣ ಕಟ್ಟಡದ ಕೊಳಚೆ ನೀರು ಶುದ್ಧ ಮಾಡುವ ಘಟಕ, ಅಂದರೆ ಎಸ್‌ಟಿಪಿ. ಬೆಂಗಳೂರಿನ ದೊಡ್ಡ ಅಪಾರ್ಟ್‌ಮೆಂಟಿನಲ್ಲಿ ಇರುವವರಿಗೆ ಇದರ ಗೋಳು ಗೊತ್ತೇ ಇದೆ. ಕೊಳಚೆ ನೀರನ್ನು ಶುದ್ಧ ಮಾಡುವುದು ಅಲ್ಲಿರುವ ಬ್ಯಾಕ್ಟೀರಿಯಾ, ನಾವು ಬ್ಲೀಚು ಫಿನಾಯಿಲ್ ಸುರಿದರೆ ಅವು ಸಾಯುತ್ತವೆ, ಆಮೇಲೆ ಇಡೀ ಕಾಂಪೌಂಡು ನಾರುತ್ತದೆ. ಆದ್ದರಿಂದ ಕಡಿಮೆ ಹಾಕಿ ಅನ್ನುವುದು ಒಳ್ಳೆಯ ಮಾತು, ನಾನೂ ಅದರ ಪರ. ಆದರೆ ಮನೆಯ ನೆಲದ ಮೇಲೆ ಬ್ಯಾಕ್ಟೀರಿಯಾ ಕೊಲ್ಲುವಷ್ಟು ಎಣ್ಣೆ ಹಾಕಿದರೆ ಅದು ಎಸ್‌ಟಿಪಿಗೂ ಒಳ್ಳೆಯದಲ್ಲ. ಎಸ್‌ಟಿಪಿಗೆ ಏನೂ ಆಗದಷ್ಟು ಕಡಿಮೆ ಹಾಕಿದರೆ ನೆಲದ ಮೇಲೂ ಏನೂ ಆಗಿಲ್ಲ. ಎರಡನ್ನೂ ಒಟ್ಟಿಗೆ ಹೇಳಲಾಗುವುದಿಲ್ಲ. ನಿಜ ಹೇಳಬೇಕೆಂದರೆ ಆರೋಗ್ಯವಾಗಿರುವವರ ಮನೆಯ ನೆಲಕ್ಕೆ ದಿನಾ ಕ್ರಿಮಿನಾಶಕದ ಅಗತ್ಯವೇ ಇಲ್ಲ. ಕಸ ಗುಡಿಸಿ, ಸ್ವಲ್ಪ ಸೋಪಿನ ನೀರಿನಲ್ಲಿ ತಿಕ್ಕಿ ಒರೆಸಿ, ಕೊಳೆ ನೀರನ್ನು ಚೆಲ್ಲಿದರೆ ಕೊಳೆಯ ಜೊತೆ ಕ್ರಿಮಿಗಳಲ್ಲಿ ಹೆಚ್ಚಿನವು ಹೋಗುತ್ತವೆ. ಮನೆಯಲ್ಲಿ ಯಾರಿಗಾದರೂ ವಾಂತಿ ಭೇದಿ ಆದಾಗ ವಿಷಯ ಬೇರೆ. ಆಗ ಟಾಯ್ಲೆಟ್ಟಿಗೆ ಬ್ಲೀಚಿಂಗ್ ಪೌಡರೇ ಬೇಕು, ಎಣ್ಣೆ ನಂಬಿಕೊಂಡು ಕೂರಬಾರದು. ಆ ಬ್ಲೀಚಿಂಗ್ ಪೌಡರಿಗೆ ವಿನೆಗರ್ ಆಗಲಿ, ಆಸಿಡ್ ಇರುವ ಟಾಯ್ಲೆಟ್ ಕ್ಲೀನರ್ ಆಗಲಿ ಸೇರಲೇಬಾರದು. ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ, ಸಣ್ಣ ಬಚ್ಚಲುಮನೆಯಲ್ಲಿ ಅದು ಜೀವಕ್ಕೇ ಅಪಾಯ.

ವಿನೆಗರ್ ವಿಷಯ ಬಂದಿದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ. ಎಣ್ಣೆಯ ಜೊತೆ ವಿನೆಗರ್ ಸೇರಿಸಿ ಸ್ಪ್ರೇ ಮಾಡಿ ಅಂತ ಎಲ್ಲ ಕಡೆ ಹೇಳುತ್ತಾರೆ. ಆ ಸಲಹೆ ಹುಟ್ಟಿದ ಊರಿನ ನೆಲ ಯಾವುದೋ, ನಮ್ಮದು ಯಾವುದೋ. ಉತ್ತರ ಕರ್ನಾಟಕದ ಮನೆಗಳ ಶಹಾಬಾದ್ ಕಲ್ಲು ಸುಣ್ಣದ ಕಲ್ಲು. ಕಡಪಾ ಕಲ್ಲೂ ಅದೇ ಜಾತಿ, ಅಮೃತಶಿಲೆಯೂ ಅದೇ. ಹುಳಿ ಬಿದ್ದರೆ ಮೇಲಿನ ಹೊಳಪು ತಿಂದುಹೋಗುತ್ತದೆ. ನಮ್ಮ ತೀರ್ಥಹಳ್ಳಿ ಕಡೆಯ ಹಳೇ ಮನೆಗಳ ಕೆಂಪು ರೆಡ್ ಆಕ್ಸೈಡ್ ನೆಲವೂ ಸಿಮೆಂಟೇ, ಅದಕ್ಕೂ ಹುಳಿ ಆಗದು. ಅಮ್ಮ ಆ ನೆಲಕ್ಕೆ ಕೊಬ್ಬರಿ ಎಣ್ಣೆ ಹಚ್ಚಿ ಒಣ ಬಟ್ಟೆಯಲ್ಲಿ ಉಜ್ಜುತ್ತಿದ್ದರು, ಮುಖ ಕಾಣುವ ಹಾಗೆ ಹೊಳೆಯುತ್ತಿತ್ತು. ವಿನೆಗರಿಗೆ ಅಡುಗೆ ಸೋಡಾ ಸೇರಿಸಿದರೆ ನೊರೆ ಬರುತ್ತದಲ್ಲ, ಅಲ್ಲೂ ಹುಳಿ ಮತ್ತು ಸೋಡಾ ಒಂದನ್ನೊಂದು ಮುಗಿಸಿಕೊಂಡಿರುತ್ತವೆ. ಉಳಿಯುವುದು ಉಪ್ಪಿನಂಥ ಒಂದು ವಸ್ತು ಕರಗಿದ ನೀರು.

ಎಣ್ಣೆಗೆ ಒಪ್ಪುವ ಕೆಲಸ

ಹಾಗಾದರೆ ಆ ಪೆಟ್ಟಿಗೆಯನ್ನು ಎತ್ತಿ ಬಿಸಾಡಬೇಕಾ? ಖಂಡಿತ ಇಲ್ಲ. ಈ ಎಣ್ಣೆಗಳಿಗೆ ಒಂದು ದೊಡ್ಡ ಗುಣ ಇದೆ, ಅದು ಜಿಡ್ಡನ್ನೂ ಅಂಟನ್ನೂ ಕರಗಿಸುವುದು. ನೀರಿಗೆ ಸೇರದ ವಸ್ತು ಎಣ್ಣೆಗೆ ಸೇರುತ್ತದೆ. ಹೊಸ ಸ್ಟೀಲ್ ಡಬ್ಬದ ಮೇಲಿನ ಸ್ಟಿಕ್ಕರ್ ಕಿತ್ತ ಮೇಲೆ ಉಳಿಯುವ ಅಂಟು ಇದೆಯಲ್ಲ, ಎಷ್ಟು ತಿಕ್ಕಿದರೂ ಕಪ್ಪಗಾಗುತ್ತದೆಯೇ ಹೊರತು ಹೋಗುವುದಿಲ್ಲ. ಹತ್ತಿಯಲ್ಲಿ ಎರಡು ಹನಿ ನೀಲಗಿರಿ ಎಣ್ಣೆ ತೆಗೆದುಕೊಂಡು ಒರೆಸಿ, ಸ್ವಲ್ಪ ಹೊತ್ತು ಬಿಟ್ಟು ಸೋಪಿನಲ್ಲಿ ತೊಳೆಯಿರಿ, ಅಂಟು ಪೂರ್ತಿ ಹೋಗಿರುತ್ತದೆ. ಆಸ್ಟ್ರೇಲಿಯಾದಲ್ಲಿ 1850ರ ದಶಕದಿಂದ ಇದನ್ನು ಭಟ್ಟಿ ಇಳಿಸಿ ಮಾರುತ್ತಿದ್ದಾರೆ. ಬಟ್ಟೆಗೆ ಹತ್ತಿದ ಟಾರು, ಚೂಯಿಂಗ್ ಗಮ್ ತೆಗೆಯುವುದಕ್ಕೆ ಅಲ್ಲಿಯ ಮನೆಗಳಲ್ಲಿ ಇದು ಬಹಳ ಬಳಕೆಯ ವಸ್ತು.

ನಾನು ಬಳಸುವುದು ಹಲಸಿನ ಮೇಣಕ್ಕೆ. ಹಲಸಿನ ಹಣ್ಣು ಕೊಯ್ಯುವಾಗ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತೇವೆ, ಕತ್ತಿಗೆ ಹತ್ತಿದ ಮೇಣಕ್ಕೆ ಊರಲ್ಲಿ ಸೀಮೆಎಣ್ಣೆ. ಈಗ ಬೆಂಗಳೂರಿನಲ್ಲಿ ಸೀಮೆಎಣ್ಣೆ ಎಲ್ಲಿ ಸಿಗುತ್ತದೆ? ನೀಲಗಿರಿ ಎಣ್ಣೆ ಅದೇ ಕೆಲಸವನ್ನು ಚೆನ್ನಾಗಿ ಮಾಡುತ್ತದೆ. ಕತ್ತಿಯನ್ನು ಆಮೇಲೆ ಬಿಸಿನೀರು ಸೋಪಿನಲ್ಲಿ ತೊಳೆಯಲೇಬೇಕು. ಗ್ಯಾಸ್ ಒಲೆಯ ಹಿಂದಿನ ಟೈಲ್ಸಿನ ಮೇಲೆ ಒಗ್ಗರಣೆಯ ಹಳೇ ಜಿಡ್ಡು ಗಟ್ಟಿಯಾಗಿ ಕೂತಿದ್ದರೆ ಕಿತ್ತಳೆ ಎಣ್ಣೆ ಅದನ್ನು ಸಡಿಲ ಮಾಡುತ್ತದೆ. ಒಲೆ ಆರಿರಬೇಕು, ಕಿಟಕಿ ತೆರೆದಿರಬೇಕು. ಈ ಎರಡೂ ಎಣ್ಣೆಗಳು 50 ಡಿಗ್ರಿ ಸುತ್ತಮುತ್ತ ಬಿಸಿಯಾದರೆ ಸಾಕು, ಅವುಗಳ ಆವಿ ಕಿಡಿ ತಾಗಿದ ಕೂಡಲೇ ಹೊತ್ತಿಕೊಳ್ಳುತ್ತದೆ. ಒಲೆ ಉರಿಯುವಾಗ ಪಕ್ಕದಲ್ಲಿ ಇದನ್ನು ಸ್ಪ್ರೇ ಮಾಡುವುದು ಬೇಡವೇ ಬೇಡ.

ಕಿತ್ತಳೆ ಎಣ್ಣೆಗೆ ಎಷ್ಟು ಶಕ್ತಿ ಇದೆ ಅಂತ ನೋಡಬೇಕಾದರೆ ಬಾಟಲಿಯೂ ಬೇಡ. ಕೊಡಗಿನ ಕಿತ್ತಳೆಯ ಸಿಪ್ಪೆಯನ್ನು ಗಾಳಿ ತುಂಬಿದ ಬಲೂನಿನ ಹತ್ತಿರ ಹಿಂಡಿ, ರಸ ಚಿಮ್ಮಿದ ಜಾಗದಲ್ಲಿ ರಬ್ಬರು ಸಡಿಲವಾಗಿ ಬಲೂನು ಒಡೆಯುತ್ತದೆ. ಥರ್ಮಾಕೋಲಿನ ಮೇಲೆ ಎಣ್ಣೆಯ ಹನಿ ಬಿದ್ದರೆ ಅಲ್ಲಿ ಗುಳಿ ಬೀಳುತ್ತದೆ. ಅದರಲ್ಲಿರುವ ಲಿಮೊನೀನ್ ಅನ್ನುವ ಅಂಶ ಥರ್ಮಾಕೋಲನ್ನು ಕರಗಿಸಿಬಿಡುತ್ತದೆ. ಹೀಗಿರುವ ವಸ್ತುವನ್ನು "ಮೃದು" ಅಂತ ಮಾರುವುದು ಎಷ್ಟು ಸರಿ? ಪ್ಲಾಸ್ಟಿಕ್ ಸ್ಪ್ರೇ ಬಾಟಲಿಯಲ್ಲಿ ಇದನ್ನು ಹಾಗೇ ತುಂಬಿಟ್ಟರೆ ಬಾಟಲಿಯೇ ಹಾಳಾಗಬಹುದು. ಪಾಲಿಶ್ ಮಾಡಿದ ಮರದ ಮೇಲೆ ಬಿದ್ದರೆ ಪಾಲಿಶ್ ಎದ್ದು ಬರುತ್ತದೆ. ಪ್ಲಾಸ್ಟಿಕ್ಕಿಗೆ ಆಗದ ಕಾರಣಕ್ಕೇ ಅದು ಗಾಜಿನಲ್ಲಿ ಬರುವುದು.

ಇರುವೆಯ ಸಾಲಿಗೂ ಮಜ್ಜಿಗೆ ಹುಲ್ಲಿನ ಎಣ್ಣೆ ಸ್ವಲ್ಪ ಮಟ್ಟಿಗೆ ಆಗುತ್ತದೆ. ಮೊದಲು ಸೋಪಿನ ನೀರಿನಲ್ಲಿ ಒರೆಸಿ ಅವು ಬಿಟ್ಟ ಜಾಡನ್ನು ಅಳಿಸಬೇಕು, ಆಮೇಲೆ ಗೋಡೆಯ ಸಂದಿಗೆ ಎಣ್ಣೆ. ವಾಸನೆ ಆರಿದ ಮೇಲೆ ಮತ್ತೆ ಬರುತ್ತವೆ. ಕೇರಳದವರು ಈ ಎಣ್ಣೆಯನ್ನು ಪುಲ್ ತೈಲಂ ಅನ್ನುತ್ತಾರೆ, ನೆಲ ಒರೆಸುವ ನೀರಿಗೆ ಹಾಕುವುದು ಅಲ್ಲಿ ರೂಢಿ. ವಯನಾಡಿಗೋ ಮುನ್ನಾರಿಗೋ ಹೋದ ನಮ್ಮವರು ಒಂದು ಬಾಟಲಿ ತರದೆ ಬರುವುದಿಲ್ಲ. ಕೊಳ್ಳುವಾಗ ಒಂದು ಹನಿಯನ್ನು ಬಿಳಿ ಕಾಗದದ ಮೇಲೆ ಹಾಕಿ ನೋಡುವುದು ಒಳ್ಳೆಯದು. ಒಳ್ಳೆಯ ಎಣ್ಣೆ ಸ್ವಲ್ಪ ಹೊತ್ತಿಗೆ ಹಾರಿಹೋಗುತ್ತದೆ. ಬಜ್ಜಿ ಇಟ್ಟ ಕಾಗದದ ಹಾಗೆ ಜಿಡ್ಡಿನ ಕಲೆ ಉಳಿದರೆ ಅದಕ್ಕೆ ಬೇರೆ ಎಣ್ಣೆ ಬೆರೆಸಿದ್ದಾರೆ ಅಂತ ಅನುಮಾನ ಪಡಬಹುದು.

ಮೇಲಿನ ಕಪಾಟು

ಮಗುವಿಗೋಸ್ಕರ ಅಂತಲೇ ಈ ಎಣ್ಣೆಗಳನ್ನು ಮನೆಗೆ ತರುವುದರಿಂದ ಇದನ್ನು ಒತ್ತಿ ಹೇಳಬೇಕು. ನೀಲಗಿರಿ ಎಣ್ಣೆಯನ್ನು ಪುಟ್ಟ ಮಗು ಒಂದು ಟೀ ಚಮಚದಷ್ಟು ಕುಡಿದರೂ ಅಪಾಯ, ಫಿಟ್ಸ್ ಬರಬಹುದು, ಪ್ರಜ್ಞೆ ತಪ್ಪಬಹುದು. ಕರ್ಪೂರವೂ ಅಷ್ಟೇ. ಬೆಂಗಳೂರಿನ ಸೇಂಟ್ ಜಾನ್ಸ್ ಆಸ್ಪತ್ರೆಯ ನರರೋಗ ತಜ್ಞರು ಬೇರೆ ಆಸ್ಪತ್ರೆಗಳವರ ಜೊತೆ ಸೇರಿ ನೀಲಗಿರಿ ಎಣ್ಣೆ ಮತ್ತು ಕರ್ಪೂರದಿಂದ ಬರುವ ಫಿಟ್ಸ್ ಬಗ್ಗೆ ಅಧ್ಯಯನ ಮಾಡಿ ಪ್ರಕಟಿಸಿದ್ದಾರೆ, ಅದು ದೊಡ್ಡವರ ಮೇಲೆ ಮಾಡಿದ್ದು. ಮಗು ಕುಡಿದುಬಿಟ್ಟರೆ ವಾಂತಿ ಮಾಡಿಸಲು ಹೋಗಬೇಡಿ. ಎಣ್ಣೆ ಶ್ವಾಸಕೋಶಕ್ಕೆ ಹೋದರೆ ಇನ್ನೂ ಕಷ್ಟ. ಬಾಟಲಿ ಕೈಯಲ್ಲಿ ಹಿಡಿದುಕೊಂಡು ನೇರ ಆಸ್ಪತ್ರೆಗೆ ಓಡಿ. ಬೆಕ್ಕು ಸಾಕಿದವರು ಟೀ ಟ್ರೀ ಎಣ್ಣೆಯನ್ನು ಮನೆಯೊಳಗೇ ತರದಿದ್ದರೆ ಒಳ್ಳೆಯದು. ಇಂಥ ಎಷ್ಟೋ ಅಂಶಗಳನ್ನು ನಮ್ಮ ಲಿವರ್ ಒಡೆದು ಹೊರಹಾಕುವ ಹಾಗೆ ಬೆಕ್ಕಿನ ಲಿವರ್ ಹಾಕಲಾರದು. ಒರೆಸಿದ ನೆಲದ ಮೇಲೆ ಓಡಾಡಿ ಆಮೇಲೆ ಪಾದ ನೆಕ್ಕಿಕೊಳ್ಳುವ ಪ್ರಾಣಿ ಅದು. ತಂಗಿ ಮಗಳ ಮನೆಯಲ್ಲೂ ಒಂದು ಬೆಕ್ಕಿದೆ. ಇದನ್ನು ಹೇಳಿದ ದಿನವೇ ಅವಳು ಟೀ ಟ್ರೀ ಬಾಟಲಿ ತೆಗೆದುಹಾಕಿದಳು. ಉಳಿದವು ಮಾತ್ರೆ ಔಷಧಿಗಳ ಜೊತೆ ಮೇಲಿನ ಕಪಾಟಿಗೆ ಹೋದವು.

ಮಂಜಮ್ಮನ ಕೈ

ನಮ್ಮ ಮನೆಗೆ ಕೆಲಸಕ್ಕೆ ಬರುವ ಮಂಜಮ್ಮ ಚಿತ್ರದುರ್ಗದ ಕಡೆಯವರು. ನಮ್ಮದು ಬಿಟ್ಟು ಇದೇ ಕಟ್ಟಡದಲ್ಲಿ ಇನ್ನೂ ಮೂರು ಮನೆ ಒರೆಸುತ್ತಾರೆ. ಎಣ್ಣೆಯ ಪೆಟ್ಟಿಗೆ ಬಂದ ಹೊಸತರಲ್ಲಿ ಒಂದು ಬೆಳಿಗ್ಗೆ ಅವರು ಬಕೆಟ್ಟಿನ ಮುಂದೆ ಕುಕ್ಕರಗಾಲಲ್ಲಿ ಕೂತು ನೀರನ್ನೇ ನೋಡುತ್ತಿದ್ದರು. "ಅಕ್ಕಾ, ಇಲ್ಲಿ ನೋಡ್ರಿ. ಎಣ್ಣೆ ಎಲ್ಲಾ ಮ್ಯಾಲೇ ನಿಂತೈತೆ. ಬಟ್ಟೆ ಅದ್ದಿದ್ರೆ ಒಂದೇ ಕಡೆ ಮೆತ್ಕಂತದೆ. ಹಿಂಡಿದ್ರೆ ಎಲ್ಲಾ ನನ್ ಕೈಗೇ ಬರ್ತದೆ" ಅಂದರು. ಕೈ ಚಾಚಿ ತೋರಿಸಿದರು. ಬೆರಳ ಸಂದಿಗಳು ಕೆಂಪಗಾಗಿ ಚರ್ಮ ಬಿರಿದಿತ್ತು. ರಾತ್ರಿ ತುರಿಕೆಗೆ ನಿದ್ದೆ ಬರುವುದಿಲ್ಲ ಅಂದರು. ಡಾಕ್ಟರಿಗೆ ತೋರಿಸಿದ್ದಾರೆ, ಮುಲಾಮು ಕೊಟ್ಟು, ಒರೆಸುವಾಗ ಕೈಗೆ ಗ್ಲೌಸ್ ಹಾಕಿಕೊಳ್ಳಿ, ಆ ಎಣ್ಣೆ ಮುಟ್ಟಬೇಡಿ ಅಂದಿದ್ದಾರೆ.

ಹತ್ತು ಹನಿ ನೀರಿನಲ್ಲಿ ಕರಗಿದ್ದರೆ ಏನೂ ಅಲ್ಲ. ಆದರೆ ಅದು ಕರಗುವುದಿಲ್ಲವಲ್ಲ. ಬಟ್ಟೆಗೆ ಹತ್ತಿದ ಎಣ್ಣೆ ನೀರು ಸೇರದೆ ಹಾಗೇ ಅವರ ಅಂಗೈಗೆ ತಾಗುತ್ತದೆ, ನಾಲ್ಕು ಮನೆಯಲ್ಲಿ, ದಿನಾ. ಲಿಮೊನೀನ್, ಲ್ಯಾವೆಂಡರ್‌ನಲ್ಲಿರುವ ಲಿನಲೂಲ್, ಇವು ಬಾಟಲಿ ತೆರೆದು ಗಾಳಿ ಆಡಿದಷ್ಟೂ ಚರ್ಮಕ್ಕೆ ಅಲರ್ಜಿ ತರುವ ಹಾಗೆ ಬದಲಾಗುತ್ತವೆ. ಅಂಥ ಅಲರ್ಜಿ ಒಮ್ಮೆ ಹತ್ತಿಕೊಂಡರೆ ಸಾಮಾನ್ಯವಾಗಿ ಜೀವನಪೂರ್ತಿ ಬಿಡುವುದಿಲ್ಲ. ಆಮೇಲೆ ಅದೇ ಪರಿಮಳ ಇರುವ ಸೋಪು ಮುಟ್ಟಿದರೂ ಕಷ್ಟ. ಎಣ್ಣೆ ನ್ಯಾಚುರಲ್ ಹೌದೋ ಅಲ್ಲವೋ ಅಂತ ನಾವು ಸೋಫಾ ಮೇಲೆ ಕೂತು ಮಾತಾಡುತ್ತೇವೆ. ಅದರ ಬಕೆಟ್ಟಿನಲ್ಲಿ ಕೈ ಅದ್ದುವವರು ಬೇರೆ. ಅವರನ್ನು ಯಾರೂ ಕೇಳಿರುವುದಿಲ್ಲ.

ಅವತ್ತೇ ಮಂಜಮ್ಮ ಇನ್ನೊಂದು ಮಾತು ಹೇಳಿದರು. ಒಂದು ಮನೆಯಲ್ಲಿ ವಾಸನೆ ಬರಲಿಲ್ಲ ಅಂದರೆ "ಇವತ್ತು ಒರೆಸಿಲ್ವಾ?" ಅಂತ ಕೇಳುತ್ತಾರಂತೆ. ಮಂಚದ ಕೆಳಗೆ ಬಗ್ಗಿ ಒರೆಸಿದ್ದು ಯಾರಿಗೂ ಕಾಣುವುದಿಲ್ಲ, ವಾಸನೆ ಮಾತ್ರ ಬಾಗಿಲಿಗೇ ಗೊತ್ತಾಗುತ್ತದೆ. ಅದಕ್ಕೆ ಅವರು ಕೊನೆಗೆ ನಾಲ್ಕು ಹನಿ ಜಾಸ್ತಿ ಹಾಕಿ ಹಾಲ್‌ನ ಮಧ್ಯೆ ಒಂದು ಸಲ ಬಟ್ಟೆ ಎಳೆದು ಹೋಗುತ್ತಾರೆ. "ಏನ್ ಮಾಡಾದಕ್ಕಾ, ಮಾಡಿರೋ ಕೆಲ್ಸ ಗೊತ್ತಾಗ್ಬೇಕಲ್ಲ" ಅಂದರು. ಅವರ ಕೈ ಹಾಗಾಗುವುದಕ್ಕೆ ಈ ನಾಲ್ಕು ಹನಿಗಳೂ ಸೇರಿವೆ ಅಂತ ಯೋಚಿಸಿದರೆ ನನಗೆ ಸಿಟ್ಟೂ ಬರುತ್ತದೆ, ನಾಚಿಕೆಯೂ ಆಗುತ್ತದೆ. ಯಾಕೆಂದರೆ ವಾಸನೆಯನ್ನೇ ಕೆಲಸದ ಹಾಜರಿ ಮಾಡಿದ್ದು ನಾವು, ಮನೆ ಮಾಲೀಕರು.

ಈಗ ನಮ್ಮ ಮನೆಯಲ್ಲಿ ಅಂಟುವಾಳ ಕಾಯಿ. ರಾತ್ರಿ ಒಂದು ಹಿಡಿ ಕಾಯಿಯ ಬೀಜ ತೆಗೆದು ನೆನೆಸಿ, ಬೆಳಿಗ್ಗೆ ಹತ್ತು ಹದಿನೈದು ನಿಮಿಷ ಕುದಿಸಿ, ಆರಿದ ಮೇಲೆ ಚೆನ್ನಾಗಿ ಕಿವುಚಿ ಸೋಸಬೇಕು. ನೊರೆ ಏಳುವ ಆ ಕಷಾಯವೇ ಸೋಪು. ಫ್ರಿಡ್ಜಿನಲ್ಲಿ ಇಟ್ಟರೆ ಕೆಲವು ದಿನ ಇರುತ್ತದೆ, ಹೊರಗಿಟ್ಟರೆ ಬೇಗ ಹುಳಿ ಬರುತ್ತದೆ. ಒಂದು ಸೌಟನ್ನು ಬಕೆಟ್ ನೀರಿಗೆ ಹಾಕಿದರೆ ಅಡುಗೆಮನೆಯ ಜಿಡ್ಡೂ ಬಿಡುತ್ತದೆ. ಕಣ್ಣಿಗೆ ಸಿಡಿದರೆ ಉರಿಯುತ್ತದೆ, ಅಷ್ಟು ಹುಷಾರು ಬೇಕು. ನನಗೆ ಹಬ್ಬದ ದಿನ ಪರಿಮಳ ಬೇಕು ಅನಿಸಿದರೆ ಎರಡು ಮೂರು ಹನಿ ಮಜ್ಜಿಗೆ ಹುಲ್ಲಿನ ಎಣ್ಣೆಯನ್ನು ಮೊದಲು ಆ ಸೌಟಿನ ಕಷಾಯಕ್ಕೆ ಹಾಕಿ, ಚಮಚದಲ್ಲಿ ಜೋರಾಗಿ ಕಲಸಿ, ಮಬ್ಬಾದ ಮೇಲೆ ಬಕೆಟ್ಟಿಗೆ ಸೇರಿಸುತ್ತೇನೆ. ಆಗ ಅದು ಮೇಲೆ ತೇಲುವುದಿಲ್ಲ. ಆವತ್ತು ಬಟ್ಟೆ ಹಿಂಡುವುದು ನಾನು. ಮಂಜಮ್ಮನಿಗೆ ಉದ್ದ ಕೋಲಿನ ಮಾಪು, ಗ್ಲೌಸು ತಂದಿಟ್ಟಿದ್ದೇವೆ. ಬಟ್ಟೆಗಳ ಬೀರುವಿಗೆ ಎಣ್ಣೆ ಯಾಕೆ ಬೇಕು, ಲಾವಂಚದ ಬೇರಿನ ಒಂದು ಸಣ್ಣ ಕಟ್ಟು ಇಟ್ಟರೆ ಎಷ್ಟೋ ದಿನ ಪರಿಮಳ ಇರುತ್ತದೆ.

ಉಳಿದ ಮನೆಗಳ ಹತ್ತಿರವೂ ಮಾತಾಡಿ ಅಂತ ಮಂಜಮ್ಮನೇ ಕೇಳಿದ್ದರಿಂದ ಹೋಗಿ ಮಾತಾಡಿದೆ. ಎರಡು ಮನೆಯವರು ಕೂಡಲೇ ಒಪ್ಪಿದರು, ಒಬ್ಬರು ನನ್ನಿಂದಲೇ ಅಂಟುವಾಳ ತೆಗೆದುಕೊಂಡು ಹೋದರು. ವಾಸನೆ ಕೇಳುತ್ತಿದ್ದ ಮನೆಯಾಕೆ ಪಾಪ ಕೆಟ್ಟವರೇನಲ್ಲ. ಮಂಜಮ್ಮನ ಕೈ ನೋಡಿ ಅವರಿಗೂ ಬೇಜಾರಾಯಿತು. "ಆದ್ರೆ ಒರೆಸಿದ್ದು ಗೊತ್ತಾಗೋದು ಹೇಗೆ?" ಅಂತ ಕೇಳಿದರು. ಚಪ್ಪಲಿ ಬಿಟ್ಟು ಅಡುಗೆಮನೆಯಲ್ಲಿ ನಾಲ್ಕು ಹೆಜ್ಜೆ ನಡೆದು ನೋಡಿ ಅಂದೆ. ಅವರು ಮನೆಯೊಳಗೂ ಚಪ್ಪಲಿ ಹಾಕುವವರು, ಕಾಲು ನೋವಿಗೆ ಡಾಕ್ಟರ್ ಹೇಳಿದ್ದಾರಂತೆ. ಆ ಮನೆಯಲ್ಲಿ ಇನ್ನೂ ಎಣ್ಣೆ ನಡೆಯುತ್ತಿದೆ. ಗ್ಲೌಸು ಮಾತ್ರ ಅವರೇ ತರಿಸಿಕೊಟ್ಟಿದ್ದಾರೆ.